ಓದುಗರ ಪ್ರಶ್ನೆ: ಕ್ರಿಸ್ಟಿ ಮತ್ತು ದೈತ್ಯ ಕಣಜ

ಪ್ರಶ್ನೆ: ‘ಡಾಕ್ಟರ್ ಹೂ’ ಧಾರಾವಾಹಿಯ ಒಂದು ಕಂತಿನಲ್ಲಿ ಅಗಾಥಾ ಕ್ರಿಸ್ಟಿ ಪಾತ್ರವಾಗಿ ಬರುತ್ತಾರೆ. ಆ ಕಥೆಯ ಕಾಲಕ್ಕೆ ಅವರು ಎಷ್ಟು ಪತ್ತೇದಾರಿ ಕಾದಂಬರಿಗಳನ್ನು ಬರೆದಿದ್ದರು?

ಉತ್ತರ: 2008ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಆ ಕಂತಿನ ಕಥೆ ನಡೆಯುವುದು 1926ರ ಡಿಸೆಂಬರ್‌ನಲ್ಲಿ, ಕ್ರಿಸ್ಟಿ ನಿಜಜೀವನದಲ್ಲಿ ಹನ್ನೊಂದು ದಿನ ಕಣ್ಮರೆಯಾಗಿ, ಕೊನೆಗೆ ಹ್ಯಾರೊಗೇಟ್‌ನ ಹೋಟೆಲೊಂದರಲ್ಲಿ ಪತ್ತೆಯಾದದ್ದು ಅದೇ ತಿಂಗಳು. ಆ ವೇಳೆಗೆ ಅವರ ಆರು ಕಾದಂಬರಿಗಳು ಪ್ರಕಟವಾಗಿದ್ದವಾದರೂ ಅವರ ಪತ್ತೇದಾರ ಪಾತ್ರ ಪಾಯ್ರೋ ಇರುವುದು ಮೂರರಲ್ಲಿ ಮಾತ್ರ. ಉಳಿದವನ್ನು ಸಾಹಸಕಥೆಗಳೆನ್ನುವುದೇ ಸರಿ. ಯುದ್ಧಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿಯುತ್ತ ಅವರು ಗಳಿಸಿದ ವಿಷಗಳ ತಿಳಿವಳಿಕೆ 1920ರ ಮೊದಲ ಕಾದಂಬರಿಯ ಸ್ಟ್ರಿಕ್ನಿನ್ ಒಗಟಿನಲ್ಲಿ ಎಷ್ಟು ನಿಖರವಾಗಿ ಕೆಲಸ ಮಾಡಿದೆಯೆಂದರೆ, ಔಷಧಶಾಸ್ತ್ರದ ಪತ್ರಿಕೆಯೊಂದು ಅದನ್ನು ಮೆಚ್ಚಿಕೊಂಡಿತ್ತು. ಕಣ್ಮರೆಗೆ ದೈತ್ಯ ಕಣಜವನ್ನು ತಳುಕು ಹಾಕಿದ್ದು ಧಾರಾವಾಹಿಯ ತುಂಟತನ; 1935ರ ಅವರ ವಿಮಾನಕೊಲೆಯ ಕಾದಂಬರಿಯಲ್ಲಿ ಕಣಜವೊಂದು ಸುಳಿದಾಡುವುದಂತೂ ನಿಜ.