ಹವಾಯಿಯ ಬಾವಲಿ, ಹವಾಯಿಯ ಬಸವನಹುಳು: ಯಾರಿಗೆ ಅಪಾಯ ಜಾಸ್ತಿ?

ಪ್ರಶ್ನೆ: ಹವಾಯಿಯ ಬಾವಲಿ, ಮರದ ಬಸವನಹುಳು ಎರಡೂ ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿವೆಯಂತೆ. ಹಾಗಾದರೆ ಎರಡಕ್ಕೂ ಇರುವುದು ಒಂದೇ ಅಪಾಯ ಅಲ್ವಾ?

ಉತ್ತರ: ಅಲ್ಲ. ಬಸವನಹುಳುವಿನ ಪಾಡು ಬಹಳ ಕೆಟ್ಟದಾಗಿದೆ. ಬಾವಲಿ 1970ರಲ್ಲಿ ಪಟ್ಟಿಗೆ ಸೇರಿತು. ಒವಾಹು ದ್ವೀಪದ ಅಕಟಿನೆಲ್ಲಾ ಎಂಬ ಬಸವನಹುಳುಗಳ ಇಡೀ ಕುಲವೇ 1981ರಲ್ಲಿ ಸೇರಿತು.

ಈ ಬಾವಲಿಯನ್ನು ಅಲ್ಲಿನವರು ಓಪೆಅಪೆಅ ಎನ್ನುತ್ತಾರೆ. ತೂಕ ಹದಿನೈದು ಗ್ರಾಂ ಆಸುಪಾಸು. ಇದರ ಪೂರ್ವಜರು ಉತ್ತರ ಅಮೆರಿಕದಿಂದ ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ ಬಂದವರು. ಒಂದು ಕಾಡು ಹಾಳಾದರೆ ಇನ್ನೊಂದಕ್ಕೆ ಹಾರಬಲ್ಲದು. ಮುಳ್ಳುತಂತಿಗೆ ಸಿಕ್ಕಿ, ಗಾಳಿಯಂತ್ರಕ್ಕೆ ಬಡಿದು ಸಾಯುವುದೂ ಉಂಟು.

ಬಸವನಹುಳುವಿಗೆ ಓಡಿಹೋಗುವ ದಾರಿಯೇ ಇಲ್ಲ. ಸುಮಾರು ಎರಡು ಸೆಂಟಿಮೀಟರ್ ಚಿಪ್ಪು, ಅದರ ಮೇಲೆ ಹಳದಿ, ಹಸಿರು, ಕಂದು ಪಟ್ಟೆ. ಎಷ್ಟು ಚೆಂದ! ರಾತ್ರಿ ಎಲೆಯ ಮೇಲಿನ ಬೂಷ್ಟನ್ನು ಕೆರೆದು ತಿನ್ನುತ್ತದೆ, ಎಲೆಗೆ ಏನೂ ಮಾಡುವುದಿಲ್ಲ. ಎಷ್ಟೋ ಹುಳುಗಳ ಜೀವಮಾನ ಒಂದೇ ಮರದಲ್ಲಿ ಕಳೆಯುತ್ತದೆ. ಮೊಟ್ಟೆ ಇಡದೆ ನೇರ ಮರಿ ಹಾಕುತ್ತದೆ, ಅದೂ ವರ್ಷಕ್ಕೆ ಬೆರಳೆಣಿಕೆಯಷ್ಟು. ಆ ಮರಿ ಬೆಳೆದು ಮರಿ ಹಾಕಲು ಮತ್ತೆ ಹಲವು ವರ್ಷ ಬೇಕು. ಬೇಟೆಯಾಡುವವರು ಕಡಿಮೆ ಇದ್ದ ಕಾಡಿಗೆ ಈ ನಿಧಾನದ ಬದುಕು ಚೆನ್ನಾಗಿಯೇ ಒಗ್ಗಿತ್ತು.

ಆಮೇಲೆ ಮನುಷ್ಯರ ಜೊತೆ ಇಲಿಗಳು ಬಂದವು. 1955ರಲ್ಲಿ ಇನ್ನೂ ದೊಡ್ಡ ಅನಾಹುತವಾಯಿತು. ಬೆಳೆ ತಿನ್ನುವ ಆಫ್ರಿಕದ ದೈತ್ಯ ಬಸವನಹುಳುವನ್ನು ಕೊಲ್ಲಲಿ ಎಂದು ಮಾಂಸಾಹಾರಿ ಬಸವನಹುಳುವೊಂದನ್ನು ತಂದು ಬಿಟ್ಟರು. ಅದು ಲೋಳೆಯ ಜಾಡು ಹಿಡಿದು ಬೇಟೆಯನ್ನು ಹುಡುಕುತ್ತದೆ, ಮರವನ್ನೂ ಹತ್ತುತ್ತದೆ. ಅಕಟಿನೆಲ್ಲಾ ಕುಲದ ನಲವತ್ತೊಂದು ಜಾತಿಗಳಲ್ಲಿ ಬಹುಪಾಲು ಈಗ ಇಲ್ಲ. ಅಕಟಿನೆಲ್ಲಾ ಅಪೆಕ್ಸ್‌ಫುಲ್ವಾ ಎಂಬ ಜಾತಿಯ ಕೊನೆಯದಕ್ಕೆ ಜಾರ್ಜ್ ಎಂದು ಹೆಸರಿಟ್ಟಿದ್ದರು. ಸಾಕಣೆ ಕೇಂದ್ರದಲ್ಲಿ ವರ್ಷಗಟ್ಟಲೆ ಒಂಟಿಯಾಗಿದ್ದು, 2019ರ ಜನವರಿ 1ರಂದು ಅದು ಸತ್ತಿತು. ಸುದ್ದಿ ಓದಿ ನನಗೆ ನಿಜಕ್ಕೂ ದುಃಖವಾಯಿತು.

ಕಾಪಾಡುವ ದಾರಿಯೂ ಅದಕ್ಕೇ ಬೇರೆ. ಹಾರಲು ಬಾರದ ಬಾವಲಿ ಮರಿಗಳು ಉಳಿಯಲಿ ಎಂದು ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಹದಿನೈದು ಅಡಿ ಮೀರಿದ ಮರ ಕಡಿಯಬೇಡಿ ಎನ್ನುತ್ತಾರೆ. ಬಸವನಹುಳುವಿಗೆ ಮರ ಉಳಿದರಷ್ಟೇ ಸಾಲದು. ಇಲಿಯೂ ಆ ಬೇಟೆಗಾರ ಹುಳುವೂ ದಾಟದಂತೆ ಕಾಡಿನ ತುಂಡಿನ ಸುತ್ತ ಗೋಡೆ ಕಟ್ಟಿ, ಅದಕ್ಕೆ ವಿದ್ಯುತ್ ತಂತಿ ಹಾಕಿ, ಪ್ರತಿ ಗೋಡೆಯನ್ನೂ ಕಾಯುತ್ತಿರಬೇಕು. ದುಡ್ಡು, ಜನ ಮೊದಲು ಅಲ್ಲಿಗೆ ಹೋಗಲಿ ಎನ್ನುವುದು ನನ್ನ ಅಭಿಪ್ರಾಯ.