ಒಟ್ಟು ಸಾಲದ ಅಂಕಿ ಇರುವಾಗ ಸಾಲಾಧಿಕಾರಿಗಳ ಸಮೀಕ್ಷೆ ಯಾಕೆ ಬೇಕು?

ಬ್ಯಾಂಕುಗಳ ಸಾಲದ ಒಟ್ಟು ಮೊತ್ತ ನಿಯಮಿತವಾಗಿ ಪ್ರಕಟವಾಗುತ್ತಿರುವಾಗ ಸಾಲಾಧಿಕಾರಿಗಳ ಅಭಿಪ್ರಾಯ ಕೇಳಿ ಏನು ಪ್ರಯೋಜನ ಎಂದಿದ್ದೀರಿ. ಬಹಳ ಪ್ರಯೋಜನವಿದೆ. ಸಾಲ ಕೊಡುವ ಮಾನದಂಡ ಬಿಗಿಯಾಯಿತೇ ಸಡಿಲವಾಯಿತೇ, ಸಾಲ ಕೇಳುವವರು ಹೆಚ್ಚಾದರೇ ಕಡಿಮೆಯಾದರೇ ಎಂದು ಬ್ಯಾಂಕುಗಳ ಸಾಲಾಧಿಕಾರಿಗಳನ್ನೇ ಕೇಳುವ ಸಮೀಕ್ಷೆ ಇದು. ನಾನಂತೂ ಮೊದಲು ನೋಡುವುದು ಸಮೀಕ್ಷೆಯನ್ನೇ.

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾಗಿ ಬಿದ್ದ ಮೇಲಿನ ವಾರಗಳನ್ನು ನೋಡಿ. ಅಮೆರಿಕದ ಬ್ಯಾಂಕುಗಳ ಪುಸ್ತಕದಲ್ಲಿ ಕಂಪನಿಗಳ ಸಾಲ ಆಗ ಏರಿತ್ತು! ಮೊದಲೇ ಸ್ಯಾಂಕ್ಷನ್ ಆಗಿದ್ದ ಸಾಲದ ಲಿಮಿಟ್‌ಗಳಿಂದ ಕಂಪನಿಗಳು ಭಯಬಿದ್ದು ಹಣ ತೆಗೆದುಕೊಂಡಿದ್ದವು. ಹೊಸ ಸಾಲ ಮಾತ್ರ ಕುಸಿದಿತ್ತು. ಅಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ (ಫೆಡ್) ಅಕ್ಟೋಬರ್ ಸಮೀಕ್ಷೆಯಲ್ಲಿ, ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ ಮಾನದಂಡ ಬಿಗಿ ಮಾಡಿದ್ದೇವೆ ಎಂದ ಬ್ಯಾಂಕುಗಳ ನಿವ್ವಳ ಪಾಲು ಶೇ. 80 ದಾಟಿತ್ತು. ನಿಜ ಸ್ಥಿತಿ ಹೇಳಿದ್ದು ಸಮೀಕ್ಷೆ, ಒಟ್ಟು ಮೊತ್ತವಲ್ಲ.

ಈ ‘ನಿವ್ವಳ’ದಲ್ಲೇ ಹಲವರು ಎಡವುತ್ತಾರೆ. ನೂರರಲ್ಲಿ 30 ಬ್ಯಾಂಕು ಬಿಗಿ ಮಾಡಿ, 10 ಸಡಿಲಿಸಿ, ಉಳಿದವು ಇದ್ದಂತೇ ಇದ್ದರೆ ನಿವ್ವಳ 20. ಮುಂದಿನ ಬಾರಿ ಅದು 10ಕ್ಕೆ ಇಳಿದರೆ ಸಾಲ ಸಲೀಸಾಯಿತು ಎಂದಲ್ಲ. ಹಿಂದಿನ ಬಿಗಿಯ ಮೇಲೆ ಇನ್ನಷ್ಟು ಬಿಗಿ ಬಿತ್ತು, ಹಾಗೆ ಮಾಡಿದ ಬ್ಯಾಂಕುಗಳ ನಿವ್ವಳ ಪಾಲು ಕಡಿಮೆ, ಅಷ್ಟೆ. ಕೇಳುವುದು ಕಳೆದ ಮೂರು ತಿಂಗಳ ಬದಲಾವಣೆಯನ್ನು. ಎಷ್ಟು ಬಿಗಿ, ಎಷ್ಟು ರೂಪಾಯಿ ಎಂಬುದು ಈ ಅಂಕಿಯಲ್ಲಿ ಇಲ್ಲ.

ಸಮೀಕ್ಷೆಯಲ್ಲಿರುವ ಸಾಲದ ಬೇಡಿಕೆಯ ಪ್ರಶ್ನೆಯನ್ನೂ ಜೊತೆಗೇ ಓದಿ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ 2023ರಲ್ಲಿ ಅಲ್ಲಿನ ಬ್ಯಾಂಕುಗಳೂ ಕೈ ಬಿಗಿ ಹಿಡಿದವು, ಬಡ್ಡಿ ಏರಿದ್ದರಿಂದ ಸಾಲ ಕೇಳುವವರೂ ಕಡಿಮೆಯಾದರು. ಸಾಲದ ಮೊತ್ತ ಒಂದನ್ನೇ ನೋಡಿದ್ದರೆ ಇವೆರಡನ್ನು ಬೇರ್ಪಡಿಸಲು ಆಗುತ್ತಿರಲಿಲ್ಲ.

ನಮ್ಮ ರಿಸರ್ವ್ ಬ್ಯಾಂಕ್ ಕೂಡ 30 ಪ್ರಮುಖ ಬ್ಯಾಂಕುಗಳನ್ನು ಮೂರು ತಿಂಗಳಿಗೊಮ್ಮೆ ಕೇಳುತ್ತದೆ. ಕೃಷಿ, ತಯಾರಿಕೆ, ಸೇವೆ, ಚಿಲ್ಲರೆ ಸಾಲ ಎಂದು ಬೇರೆ ಬೇರೆ ಉತ್ತರ ಸಿಗುತ್ತದೆ. ಒಂದು ಎಚ್ಚರಿಕೆ: ಫೆಡ್‌ನ ಮಾನದಂಡದ ಅಂಕಿ ಧನಾತ್ಮಕವಾದರೆ ಬಿಗಿ ಎಂದರ್ಥ, ನಮ್ಮಲ್ಲಿ ಸಾಲದ ಷರತ್ತಿನ ಅಂಕಿ ಧನಾತ್ಮಕವಾದರೆ ಸಡಿಲ. ಜೊತೆಗೆ ‘ಸ್ವಲ್ಪ ಬಿಗಿ’, ‘ಸ್ವಲ್ಪ ಸಡಿಲ’ ಎಂಬಂಥ ಉತ್ತರವನ್ನು ನಮ್ಮಲ್ಲಿ ಅರ್ಧವೆಂದು ಮಾತ್ರ ಎಣಿಸುತ್ತಾರೆ. ಆದ್ದರಿಂದ ಎರಡು ದೇಶಗಳ ಅಂಕಿಗಳನ್ನು ಒಂದೇ ಗ್ರಾಫ್‌ನಲ್ಲಿ ಹಾಕಿ ಹೋಲಿಸಬೇಡಿ. ಮುಂದಿನ ತ್ರೈಮಾಸಿಕಗಳ ನಿರೀಕ್ಷೆಯ ಕಾಲಂ ಕೂಡ ಇರುತ್ತದೆ. ಅದನ್ನು ನಂಬುವ ಮೊದಲು, ಅದೇ ಅವಧಿಗೆ ಬ್ಯಾಂಕುಗಳು ಹಿಂದೆ ಏನು ನಿರೀಕ್ಷಿಸಿದ್ದವು, ಆಮೇಲೆ ಏನಾಯಿತು ಎಂದು ಹಳೆಯ ವರದಿಗಳಲ್ಲಿ ತಾಳೆ ನೋಡಿ.