ದಮ್ ಹಿಡಿಯುವುದನ್ನು ಮೊದಲು ಮರೆಯಿರಿ

ಪ್ರಶ್ನೆ: ನಾನು ಶಹಾಪುರ ಕಡೆಯ ಹೈಸ್ಕೂಲ್ ಮಾಸ್ತರ, ವಯಸ್ಸು 46. ಸಣ್ಣವನಿದ್ದಾಗಿನಿಂದ ಬಾವಿಯಲ್ಲಿ ಈಜಿದವನು. ಈಗಲೂ ನೀರೊಳಗೆ ಒಂದು ನಿಮಿಷ ದಮ್ ಹಿಡಿಯುತ್ತೇನೆ. ಮುರುಡೇಶ್ವರಕ್ಕೆ ಹೋಗಿ ಸ್ಕೂಬಾ ಕಲಿಯಬೇಕೆಂಬ ಆಸೆ. ಬಿಪಿಗೆ ದಿನಾ ಗುಳಿಗೆ ತಗೊಳ್ತೀನಿ. ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ಇಳಿಯುವುದು ನನ್ನಿಂದ ಆಗುತ್ತಾ?

ಉತ್ತರ: ಮಾಸ್ತರ್ರೇ, ನಾನೂ ಬಾವಿಯ ಹುಡುಗನೇ. ಚಿಂಚೋಳಿ ಕಡೆ ನಮ್ಮ ಸೋದರಮಾವನ ಹೊಲದ ಬಾವಿ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಮಾವ ನೀರಿಗೆ ತಳ್ಳಿದ್ದರು. ಈಜು ಬಂದ ಮೇಲೆ ನಮಗೆ ಒಂದೇ ಆಟ. ತಳಕ್ಕೆ ಹೋಗಿ ಮುಷ್ಟಿ ತುಂಬ ಕೆಸರು ತಂದು ತೋರಿಸಬೇಕು, ತಂದವನೇ ಗೆದ್ದ ಹಾಗೆ. ಹಾಗಾಗಿ ನೀರು ಅಂದ ಕೂಡಲೇ ನಮ್ಮ ಎದೆ ತಾನಾಗಿಯೇ ದಮ್ ಹಿಡಿದುಬಿಡುತ್ತದೆ. 39ನೇ ವಯಸ್ಸಿಗೆ ಸ್ಕೂಬಾ ಕಲಿಯಲು ಹೋದಾಗ ನನಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟವಾಗಿದ್ದು ಇದೇ. ಈಜುಕೊಳದ ತಳದಲ್ಲಿ ಮೊಣಕಾಲೂರಿ ಕೂತಿದ್ದೆ. ಬಾಯಲ್ಲಿ ಗಾಳಿಯ ಕೊಳವೆ ಇದ್ದರೂ ಉಸಿರಾಡುತ್ತಿರಲಿಲ್ಲ. ಕಲಿಸುವವರು ಎದುರು ಕೂತು ಕೈಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದರು: ಒಳಗೆ, ಹೊರಗೆ. ಆಮೇಲೆ ನನ್ನ ಗುಳ್ಳೆಗಳ ಸದ್ದು ನನಗೇ ಕೇಳಿತು.

ದಮ್ ಯಾಕೆ ಹಿಡಿಯಬಾರದು? ಒಂದು ತಂಬಿಗೆ ಬೋರಲು ಹಿಡಿದು ನೀರೊಳಗೆ ಒತ್ತಿಕೊಂಡು ಹೋಗಿ ನೋಡಿ. 10 ಮೀಟರ್, ಅಂದರೆ 33 ಅಡಿ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಒಳಗಿನ ಗಾಳಿ ಅರ್ಧಕ್ಕೆ ಕುಗ್ಗಿರುತ್ತದೆ. ಮೇಲೆ ತಂದರೆ ಮತ್ತೆ ಮೊದಲಿನಷ್ಟೇ ಆಗುತ್ತದೆ. ಬಾವಿಯಲ್ಲಿ ನಮ್ಮ ಎದೆಯಲ್ಲಿ ಆಗುವುದೂ ಅಷ್ಟೇ, ಅದಕ್ಕೇ ಅಲ್ಲಿ ಎದೆ ಹರಿಯುವ ಅಪಾಯವಿಲ್ಲ. ಆದರೆ ಅದೇ ಆಳದಲ್ಲಿ ಸಿಲಿಂಡರಿನಿಂದ ಎದೆ ತುಂಬ ಗಾಳಿ ಎಳೆದುಕೊಂಡು, ದಮ್ ಹಿಡಿದು ಮೇಲೆ ಬಂದರೆ? ಆ ಗಾಳಿ ಹಿಗ್ಗಿ ಎರಡು ಪಟ್ಟು ಆಗಬೇಕು. ತಂಬಿಗೆಯಾದರೆ ಬಾಯಿಂದ ಗುಳುಗುಳು ಅಂತ ಹೊರಗೆ ಹೋಗುತ್ತದೆ. ಗಂಟಲು ಮುಚ್ಚಿದ್ದರೆ ಎದೆಗೆ ದಾರಿ ಎಲ್ಲಿದೆ? ಶ್ವಾಸಕೋಶ ಹರಿಯುತ್ತದೆ. ಬರೀ 4 ಅಡಿ ನೀರಿನಲ್ಲೂ ಹೀಗಾಗಬಹುದು. ಹೆದರಿಸಲು ಹೇಳುತ್ತಿಲ್ಲ. ಉಸಿರಾಡುತ್ತಲೇ ಇರಿ, ಮೆಲ್ಲಗೆ ಮೇಲೆ ಬನ್ನಿ, ಇದು ಆಗುವುದಿಲ್ಲ.

ಇನ್ನು ಸಿಲಿಂಡರಿನಲ್ಲಿರುವುದು ಆಕ್ಸಿಜನ್ ಅಲ್ಲ. ನಾವು ಈಗ ಉಸಿರಾಡುತ್ತಿರುವ ಗಾಳಿಯನ್ನೇ ಸೋಸಿ, ಒಣಗಿಸಿ, ಸುಮಾರು 200 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿರುತ್ತಾರೆ. ದಡದಲ್ಲಿ ಬೆನ್ನು ಬಗ್ಗಿಸುವಷ್ಟು ಭಾರ, ನೀರಿಗಿಳಿದ ಮೇಲೆ ಭಾರವೇ ಇಲ್ಲ.

ವಯಸ್ಸು ಅಡ್ಡಿಯಲ್ಲ, ಬಿಪಿ ವಿಷಯ ಮಾತ್ರ ಮುಚ್ಚಿಡಬೇಡಿ. ಕೋರ್ಸಿಗೆ ಮೊದಲು ಆರೋಗ್ಯದ ಪ್ರಶ್ನೆಗಳ ಫಾರಂ ಕೊಡುತ್ತಾರೆ. ಹೃದಯ, ಅಸ್ತಮಾ, ಮೂರ್ಛೆ, ಕಿವಿ, ನಿಮ್ಮ ಗುಳಿಗೆ, ಎಲ್ಲ ಇದ್ದದ್ದು ಇದ್ದ ಹಾಗೆ ಬರೆಯಿರಿ. ಕಲಬುರಗಿಯಲ್ಲೋ ಯಾದಗಿರಿಯಲ್ಲೋ ನಿಮ್ಮ ಡಾಕ್ಟರ ಹತ್ತಿರ ಮೊದಲೇ ತೋರಿಸಿ, ಅವರ ಸಹಿ ತಗೊಂಡೇ ಹೊರಡಿ. ಅಷ್ಟು ದೂರ ಹೋದ ಮೇಲೆ ವಾಪಸ್ ಬರುವ ಹಾಗಾಗಬಾರದು.

ನೆಗಡಿ ಇದ್ದರೆ ಇಳಿಯಲೇಬೇಡಿ. ಇಳಿಯುವಾಗ ಪ್ರತಿ ಮೂರು ಅಡಿಗೊಮ್ಮೆ ಮೂಗು ಹಿಡಿದು, ಬಾಯಿ ಮುಚ್ಚಿ ಮೆಲ್ಲಗೆ ಊದಬೇಕು. ಕಿವಿಯಲ್ಲಿ ಪಟ್ ಅಂದರೆ ಸರಿಯಾಯಿತು. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಎರಡನೇ ದಿನ ನನಗೆ ಮೂಗು ಕಟ್ಟಿತ್ತು. ಇಷ್ಟು ದುಡ್ಡು ಕೊಟ್ಟಿದ್ದೀನಲ್ಲ ಅಂತ ಯಾರಿಗೂ ಹೇಳದೆ ಇಳಿದೆ. ಎಂಟು ದಿನ ಎಡಗಿವಿಗೆ ಅರಳೆ ತುರುಕಿದ ಹಾಗಿತ್ತು. ನೋವಾದರೆ ಎರಡಡಿ ಮೇಲೆ ಬಂದು ಮತ್ತೆ ಊದಿ, ಆಗದಿದ್ದರೆ ಮೇಲೆ ಬಂದುಬಿಡಿ. ಹಾಂ, ನೀರೊಳಗೆ ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಅಂತ ಅರ್ಥ. ಎಲ್ಲ ಸರಿ ಇದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಬರೀ ಒಂದು ಸಲ ನೋಡಿ ಬರುವುದಾದರೆ ಕಲಿಸುವವರು ಜೊತೆಗೇ ಇರುತ್ತಾರೆ, 12 ಮೀಟರ್ ದಾಟಿಸುವುದಿಲ್ಲ. ನಿಮ್ಮ ಆಸಕ್ತಿ ನೋಡಿದರೆ ಓಪನ್ ವಾಟರ್ ಅನ್ನುವ ಮೊದಲ ಹಂತದ ಕೋರ್ಸೇ ಮಾಡಿ. ಮೂರು ನಾಲ್ಕು ದಿನ ಹಿಡಿಯುತ್ತದೆ, 18 ಮೀಟರ್ ತನಕ ಇಳಿಯಬಹುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಕಡಲು ಬಿಡುವುದಿಲ್ಲ. ನಿಮಗೆ ಬೇಸಿಗೆ ರಜೆಗಿಂತ ದಸರಾ ಆದಮೇಲಿನ ತಿಂಗಳುಗಳೇ ಚಲೋ. ಸಂಜೆ ಡೈವ್ ಮುಗಿಸಿ ಅದೇ ರಾತ್ರಿ ಘಟ್ಟ ಹತ್ತುವ ಬಸ್ಸಿಗೆ ಟಿಕೆಟ್ ಮಾಡಿಸಬೇಡಿ. ಆಳದಲ್ಲಿ ಮೈಗೆ ಸೇರಿದ ನೈಟ್ರೋಜನ್ ಹೊರಗೆ ಹೋಗಲು ಹೊತ್ತು ಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಇಳಿದು ಅದು ಮೈಯೊಳಗೇ ಗುಳ್ಳೆ ಕಟ್ಟಬಹುದು. ಹಲವು ಡೈವ್ ಮಾಡಿದವರು 18 ಗಂಟೆ ವಿಮಾನ ಹತ್ತಬಾರದು ಅನ್ನುವುದು ಇದಕ್ಕೇ. ಹುಬ್ಬಳ್ಳಿಯೂ ಕಡಲಿಗಿಂತ 600 ಮೀಟರಿಗೂ ಎತ್ತರದಲ್ಲಿದೆ. ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ.

ಒಂದೇ ಒಂದು ವಿನಂತಿ. ಕಲಿತು ಬಂದ ಮೇಲೆ ಊರ ಬಾವಿಗೋ ಕಲ್ಲುಗಣಿಗೋ ಸಿಲಿಂಡರ್ ಇಳಿಸಬೇಡಿ. ಹುಡುಗರು ನಿಮ್ಮನ್ನೇ ನೋಡಿ ಕಲಿಯುತ್ತಾರೆ.

ಪ್ರಶ್ನೆ: ಮಗನಿಗೆ 13 ವರ್ಷ. ಕಲಿಸಬಹುದಾ? (ಒಬ್ಬ ತಾಯಿ, ಕಲಬುರಗಿ)

ಉತ್ತರ: ಕಲಿಸಬಹುದು ಅಕ್ಕಾ. 10 ತುಂಬಿದ ಮಕ್ಕಳಿಗೆ ಜೂನಿಯರ್ ಕೋರ್ಸ್ ಇದೆ. ಆದರೆ ಆಮೇಲೂ ಅವನು ಕೋರ್ಸ್ ಮಾಡಿದ ದೊಡ್ಡವರ ಜೊತೆಗೇ ಇಳಿಯಬೇಕು. ಮೊದಲು ಅವನಿಗೇ ಮನಸ್ಸಿದೆಯಾ ಅಂತ ಕೇಳಿ.

ಪ್ರಶ್ನೆ: ನಾನು ಬೀದರಿನ ಕಾಲೇಜು ವಿದ್ಯಾರ್ಥಿನಿ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದದ್ದು ಬಿಟ್ಟರೆ ನೀರಿಗೆ ಇಳಿದವಳಲ್ಲ. ಈಜು ಬರುವುದಿಲ್ಲ, ಕನ್ನಡಕ ಬೇರೆ. ನನಗೆ ಸ್ಕೂಬಾ ಸಾಧ್ಯವಾ?

ಉತ್ತರ: ಸಾಧ್ಯ ತಂಗೀ. ಆ ಕತ್ತಲ ಗುಹೆಯಲ್ಲಿ, ತಲೆ ಮೇಲೆ ಬಾವಲಿ ಹಾರುವಾಗ, ನೀರಲ್ಲಿ ಸಮಾಧಾನವಾಗಿ ನಡೆದಿದ್ದೀರಲ್ಲ, ಆ ಸಮಾಧಾನವೇ ಇಲ್ಲಿ ಬೇಕಾದದ್ದು. ಒಂದು ಸಲದ ಡೈವಿಗೆ ಈಜು ಕೇಳುವುದಿಲ್ಲ. ಕೋರ್ಸಿಗೆ ಮಾತ್ರ ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಈಜಿಗೆ ಹೊತ್ತಿನ ಗಡುವಿಲ್ಲ, ನಿಧಾನವಾದರೂ ಪರವಾಗಿಲ್ಲ. ಆರು ತಿಂಗಳು ಈಜು ಕಲಿತು ಹೋದರೆ ನೀರೊಳಗೆ ಭಯ ನೋಡುವ ಬದಲು ಮೀನು ನೋಡುತ್ತೀರಿ. ಕನ್ನಡಕದ ಚಿಂತೆ ಬೇಡ. ನಂಬರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ. ಬುಕ್ ಮಾಡುವಾಗಲೇ ನಿಮ್ಮ ನಂಬರ್ ಹೇಳಿ, ಇಳಿಯುವ ಮೊದಲು ಗಾಜಿನ ಒಳಗೆ ಸ್ವಲ್ಪ ಉಗುಳು ಸವರಿ ತೊಳೆಯಿರಿ. ಮಂಜು ಕಟ್ಟುವುದಿಲ್ಲ.